ಐದು ಬಣ್ಣದ ಹಾಳೆಯಲ್ಲಿ ಒಬ್ಬ ಕಂಡಕ್ಟರ್

ಟಕಟಕ ಅಕ್ಕ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೇಕೆಂದೇ ಮಾಡಿದ ತಪ್ಪು ಒಂದೇ ಒಂದು, ಅದರಲ್ಲಿ ನನಗೂ ಪಾಲಿದೆ. ಅಕ್ಕ ಈಗಿಲ್ಲ. ಅಂದಿನ ನಿರ್ದೇಶಕರೂ ಇಲ್ಲ. ನಾನು ನಿವೃತ್ತಳಾಗಿ ಹನ್ನೊಂದು ವರ್ಷವಾಯಿತು, ಇನ್ನು ನನಗೆ ಮೆಮೊ ಕೊಡಲು ಯಾರೂ ಉಳಿದಿಲ್ಲ. ಹಾಗಾಗಿ ಹೇಳಿಯೇ ಬಿಡುತ್ತೇನೆ.

ಟೆಲಿವಿಷನ್ ಕೇಂದ್ರದ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆ ನಮ್ಮದು. ಬಾಗಿಲ ಮೇಲೆ 'ಪ್ರತಿ ವಿಭಾಗ' ಎಂಬ ಫಲಕ. ವಿಭಾಗವೆಂದರೆ ನಾವಿಬ್ಬರೇ. ಅಕ್ಕ ಸ್ಕ್ರಿಪ್ಟುಗಳನ್ನು ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲೆ ಟೈಪ್ ಮಾಡುತ್ತಿದ್ದಳು, ನಾನು ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿ ಮೂವತ್ತು ನಲವತ್ತು ಪ್ರತಿ ತೆಗೆಯುತ್ತಿದ್ದೆ. ಅವಳ ಟೈಪಿನ ಸದ್ದು ಎರಡನೇ ಮಹಡಿಗೂ ಕೇಳುತ್ತಿತ್ತು, ಅದಕ್ಕೇ ಆ ಅಡ್ಡಹೆಸರು. ನನ್ನ ಕೈ ಮಾತ್ರ ಸದಾ ಮಸಿ. ಒಮ್ಮೆ ಡಾಕ್ಟರೊಬ್ಬರು ನನ್ನ ನಾಡಿ ಹಿಡಿಯುವ ಮೊದಲು, ಯಾವ ಗ್ಯಾರೇಜಿನಲ್ಲಿ ಕೆಲಸ ಎಂದು ಕೇಳಿದ್ದರು.

ನಮ್ಮಲ್ಲೊಂದು ಪದ್ಧತಿ ಇತ್ತು. ಸ್ಕ್ರಿಪ್ಟ್ ತಿದ್ದಿದಾಗಲೆಲ್ಲ ಹಾಳೆಯ ಬಣ್ಣ ಬದಲಾಗಬೇಕು. ಮೊದಲನೆಯದು ಬಿಳಿ, ಆಮೇಲೆ ನೀಲಿ, ಗುಲಾಬಿ, ಹಳದಿ, ಕೊನೆಗೆ ಹಸಿರು. ಹಸಿರು ಹಾಳೆ ಬಂತೆಂದರೆ ಮುಗಿಯಿತು, ಅದೇ ಶಾಸನ. ಅದರಲ್ಲಿದ್ದದ್ದನ್ನು ನಟರು ಹೇಳಲೇಬೇಕು, ಇಲ್ಲದ್ದನ್ನು ಹೇಳುವಂತಿಲ್ಲ. ಅದಕ್ಕೇ ಪ್ರತಿ ಸಲವೂ ತಾಳೆ ನೋಡುತ್ತಿದ್ದೆವು. ತಿದ್ದಿದ ಹಳೆಯ ಪ್ರತಿಯನ್ನು ನಾನು ಗಟ್ಟಿಯಾಗಿ ಓದಬೇಕು, ಅಕ್ಕ ಹೊಸದರ ಮೇಲೆ ಪೆನ್ಸಿಲ್ ಓಡಿಸಬೇಕು. ಒಂದು ಕೊಂಬು ತಪ್ಪಿದರೂ ಊಟ ಬಿಟ್ಟು ಸರಿಮಾಡುವವಳು ಅವಳು.

"ಬರೆದೋರು ಏನಾದ್ರೂ ಬರ್ಕೊಳ್ಲಿ ಕಣೇ. ನಾವು ಅಂಚೆಯವರ ಥರ. ತಲುಪಿಸ್ಬೇಕು, ಅಷ್ಟೇ. ಮಧ್ಯ ಮೂಗು ತೂರಿಸ್ಬಾರ್ದು," ಎನ್ನುತ್ತಿದ್ದಳು.

ಅಕ್ಕನ ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಅವಳನ್ನು ಅಕ್ಕ ಎಂದ ಮೇಲೆ ನನಗೆ ಭಾವ. ಜ್ವರವೆಂದು ಮಲಗಿದವರು ನಾಲ್ಕನೇ ದಿನಕ್ಕೆ ಇಲ್ಲವಾಗಿದ್ದರು. ನಾನು ಹೇಳುವ ಹೊತ್ತಿಗೆ ಅದಾಗಿ ಮೂರು ವರ್ಷ ಕಳೆದಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಉಳಿದದ್ದು ಅಕ್ಕ ಮತ್ತು ಅವಳ ಅತ್ತೆ, ಅಂದರೆ ಭಾವನ ತಾಯಿ. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರೆ. ಇವರು ಹಾಗಿರಲಿಲ್ಲ. ಒಬ್ಬನೇ ಮನುಷ್ಯನನ್ನು ಕಳೆದುಕೊಂಡ ಇಬ್ಬರು ಜಗಳವಾಡಿ ಗೆಲ್ಲುವುದಾದರೂ ಏನನ್ನು?

ಭಾವ ಬದುಕಿದ್ದಾಗ ದಿನಾ ಸಂಜೆ ಬಸ್ಸಿನಿಂದ ಒಂದು ಕಥೆ ತರುತ್ತಿದ್ದರು. ಯಾರೋ ಅಜ್ಜ ಟಿಕೆಟ್ಟನ್ನು ಬಾಯಲ್ಲಿಟ್ಟುಕೊಂಡು ನುಂಗಿಬಿಟ್ಟದ್ದು, ಯಾರೋ ಹೆಂಗಸು ಗಂಡನನ್ನು ನಿಲ್ದಾಣದಲ್ಲೇ ಮರೆತು ಹತ್ತಿದ್ದು. ಮರುದಿನ ಊಟದ ಹೊತ್ತಿಗೆ ಅದು ಅಕ್ಕನ ಬಾಯಿಂದ ನನಗೆ. ಅವರು ಹೋದ ಮೇಲೂ ನಾನು ಹಳೆಯ ಕಥೆಗಳನ್ನು ಕೇಳಿ ಕೇಳಿ ಹೇಳಿಸುತ್ತಿದ್ದೆ. ಒಂದು ದಿನ ತಮ್ಮ ಪ್ರತಿಗಾಗಿ ಕಾಯುತ್ತ ಬಾಗಿಲಲ್ಲಿ ನಿಂತಿದ್ದ ಬರಹಗಾರರೊಬ್ಬರು ಅದನ್ನು ಕೇಳಿಸಿಕೊಂಡರು. ಸಣ್ಣ ಮನುಷ್ಯ, ದೊಡ್ಡ ಕನ್ನಡಕ, ಜೋರಾಗಿ ಸೀನಲೂ ಹೆದರುವವರು. ಮೂರು ದಿನ ಯೋಚಿಸಿ ಬಂದು ಕೇಳಿದರು: "ಅಮ್ಮಾ, ನಿಮ್ಮ ಯಜಮಾನ್ರನ್ನ ನನ್ನ ಕಥೆಗೆ ಕರ್ಕೊಂಡು ಹೋಗ್ಲಾ?"

ಆಗ ಕೇಂದ್ರದಲ್ಲಿ ಹೊಸ ಧಾರಾವಾಹಿಯ ಗಲಾಟೆ. ಧಾರಾವಾಹಿ ನಡೆಯುತ್ತದೋ ಮುಗ್ಗರಿಸುತ್ತದೋ ನೋಡಲು ಮೊದಲು ಒಂದೇ ಒಂದು ಕಂತು ಮಾಡುತ್ತಾರೆ, ಅದಕ್ಕೆ ಪೈಲಟ್ ಎನ್ನುತ್ತಿದ್ದರು. ಆ ಬರಹಗಾರರು ಬರೆಯುತ್ತಿದ್ದ ಇದರ ಹೆಸರು 'ನಾಲ್ಕು ಬಾಗಿಲು'. ಒಂದೇ ಅಂಗಳದ ನಾಲ್ಕು ಬಾಡಿಗೆ ಮನೆಗಳ ಕಥೆ. ಮೊದಲನೇ ಮನೆಯಲ್ಲಿ ಒಬ್ಬ ಟೈಲರಮ್ಮ, ಅವಳ ಗಂಡ ಕಂಡಕ್ಟರ್. ಬಿಳಿ ಹಾಳೆಯಲ್ಲಿ ಆತನಿಗೆ ನಲವತ್ತೆರಡು ಮಾತು. ಅಕ್ಕ ಅದನ್ನು ಟೈಪ್ ಮಾಡಿದ ದಿನ ಯಂತ್ರದ ಸದ್ದೇ ಬೇರೆ ಇತ್ತು. ತಲೆ ಎತ್ತಲಿಲ್ಲ, ಕಾಫಿ ಆರಿಹೋಯಿತು. "ಅಂಗಿ ತೋಳು ಮಡಚೋದು ಕೂಡ ಬರ್ದಿದ್ದಾರೆ ಕಣೇ," ಎಂದಳು. ಸತ್ತ ಗಂಡ ಅವಳ ಬೆರಳ ತುದಿಯಲ್ಲಿ ಎದ್ದು ಓಡಾಡುತ್ತಿದ್ದರೆ ಕಾಫಿ ಯಾರಿಗೆ ಬೇಕು?

ಆ ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳಿಬಿಟ್ಟಳು. ಅವಳು ಮಾಡಿದ ಎಡವಟ್ಟು ಅದೇ. ಮುದುಕಿ ಇಡೀ ಬೀದಿಗೆ ಡಂಗುರ ಸಾರಿದರು: "ನನ್ನ ಮಗ ಟೀವೀಲಿ ಬರ್ತಾನೆ." ಅಂದಿನಿಂದ ಅಕ್ಕ ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ: "ಇವತ್ತು ಇದ್ದಾನೇನೇ ಅವನು?"

ಮೊದಲ ಪೆಟ್ಟು ಜಾಗದಿಂದ ಬಂತು. ಸ್ಟುಡಿಯೋದಲ್ಲಿ ಎರಡು ಮನೆಗಿಂತ ಹೆಚ್ಚು ಕೂರುವುದಿಲ್ಲ ಎಂದು ಸೆಟ್ಟಿನ ಬಡಗಿ ಟೇಪು ಹಿಡಿದು ತೋರಿಸಿದ. ನೀಲಿ ಹಾಳೆಯಲ್ಲಿ ಧಾರಾವಾಹಿಯ ಹೆಸರು 'ಎರಡು ಬಾಗಿಲು' ಆಯಿತು. ಬಸ್ ನಿಲ್ದಾಣದ ದೃಶ್ಯಗಳೆಲ್ಲ ಹೋದವು. ಕಂಡಕ್ಟರ್ ಸಂಜೆ ಮನೆಗೆ ಬಂದು ಹದಿನೇಳು ಮಾತಾಡಿ ಮಲಗುತ್ತಿದ್ದ. ಆಮೇಲೆ ಕಾರ್ಯಕ್ರಮಕ್ಕೆ ಹಣ ಹಾಕುವ ಸಾಬೂನು ಕಂಪನಿಯವರು ಓದಿದರು. ಖಾಕಿ, ಬೆವರು, ಧೂಳು ಇವೆಲ್ಲ ತಮ್ಮ ಸಾಬೂನಿನ ಪಕ್ಕ ಚೆನ್ನಾಗಿ ಕಾಣುವುದಿಲ್ಲವಂತೆ. ಬೆವರೇ ಇಲ್ಲದಿದ್ದರೆ ಸಾಬೂನು ಯಾಕಪ್ಪಾ ಎಂದು ಕೇಳಬೇಕೆನಿಸಿತ್ತು, ನನ್ನನ್ನು ಯಾರು ಕರೆದರು? ಗುಲಾಬಿ ಹಾಳೆಯಲ್ಲಿ ಕಂಡಕ್ಟರ್ ಬಿಳಿ ಅಂಗಿ ತೊಟ್ಟು ವಿಮಾ ಅಧಿಕಾರಿಯಾದ. ಒಂದು ಕಥೆಯನ್ನೂ ಹೇಳಲಿಲ್ಲ.

"ಇದ್ದಾನೇನೇ?"

"ಇದ್ದಾರೆ ಅತ್ತೆ."

"ಏನು ಹಾಕ್ಕೊಂಡಿದ್ದಾನೆ?"

"ಖಾಕೀನೇ."

ಇದನ್ನು ನನಗೆ ಹೇಳುವಾಗ ಅಕ್ಕನ ಮುಖ ಸಣ್ಣಗಾಗಿತ್ತು. ಹೇಳಿದರೆ ಮುದುಕಿ ಕುಸಿಯುತ್ತಾರೆ, ಹೇಳದಿದ್ದರೆ ಸುಳ್ಳು ಬೆಳೆಯುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಬರಹಗಾರರನ್ನು ಮೆಟ್ಟಿಲ ಹತ್ತಿರ ತಡೆದು ದಬಾಯಿಸಿದೆ. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ತಿದ್ದೀರಲ್ಲ ಸಾರ್!" ಪಾಪ, ಅವರ ಕಣ್ಣಲ್ಲೂ ನೀರಿತ್ತು.

ಅಷ್ಟರಲ್ಲಿ ಆ ಪಾತ್ರ ಮಾಡಬೇಕಿದ್ದ ನಟ ಸಿನಿಮಾ ಸಿಕ್ಕಿತೆಂದು ಹಾರಿಹೋದ. ಹಳದಿ ಹಾಳೆಯಲ್ಲಿ ಟೈಲರಮ್ಮ ವಿಧವೆ, ಗಂಡ ಗೋಡೆಯ ಮೇಲೊಂದು ಫೋಟೋ. ಬರಹಗಾರರು ಸದ್ದಿಲ್ಲದೆ ಅವನನ್ನು ಮತ್ತೆ ಕಂಡಕ್ಟರ್ ಮಾಡಿದ್ದರು. ಸತ್ತವನು ಏನು ತೊಟ್ಟರೂ ಸಾಬೂನಿನವರಿಗೆ ಅಭ್ಯಂತರವಿರಲಿಲ್ಲ. ಯಾರದಾದರೂ ಫೋಟೋ ಬೇಕಲ್ಲ ಎಂದಾಗ ಅಕ್ಕ ಭಾವನದೇ ತಂದುಕೊಟ್ಟಳು, ಮನೆಯ ಗೋಡೆಯಿಂದ ಇಳಿಸಿ, ಟವೆಲ್ಲಿನಲ್ಲಿ ಸುತ್ತಿ. ಅತ್ತೆಯೇ ಗಾಜು ಒರೆಸಿ ಕಳಿಸಿದ್ದರಂತೆ. ಆ ಒಂದು ವಾರ ಅಕ್ಕ ನೆಮ್ಮದಿಯಾಗಿದ್ದಳು. ರಿಹರ್ಸಲ್ ದಿನ ದೀಪ ಹಾಕಿದರೆ ಫೋಟೋದ ಗಾಜು ಹೊಳೆದು ಕ್ಯಾಮೆರಾಕ್ಕೆ ಹೊಡೆಯಿತು. ಗಾಜು ತೆಗೆದರೆ ಫೋಟೋ ಸೊಟ್ಟಗಾಯಿತು. "ಗೋಡೆ ಖಾಲಿ ಇರಲಿ ಬಿಡಿ," ಎಂದರು ನಿರ್ದೇಶಕರು. ಅಕ್ಕ ಅದನ್ನು ಅದೇ ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ದಳು. ಯಾಕೆ ವಾಪಸು ಬಂತು ಎಂದು ಅತ್ತೆ ಕೇಳಿದಾಗ, "ದೊಡ್ಡದೊಂದು ಪ್ರತಿ ಮಾಡ್ಕೊಂಡ್ರು," ಎಂದಳು. ಸುಳ್ಳು ಹೇಳಲು ಬಾರದವಳಿಗೆ ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂದು ನನಗೆ ಸಂಕಟವಾಯಿತು.

ಈಗ ಉಳಿದದ್ದು ಒಂದೇ ಸಾಲು. ಟೈಲರಮ್ಮ ಒಬ್ಬಳೇ ಕೂತು ಹೊಲಿಯುತ್ತ, ಗಂಡನನ್ನು ನೆನೆದು ಹೇಳುವ ಮಾತು: "ಅವರು ಹೇಳ್ತಿದ್ರು, ಬಸ್ಸಲ್ಲಿ ಜಾಗ ಬೇಕಾದಷ್ಟಿದೆ ಕಣೇ, ಆದ್ರೆ ಅದರ ಮೇಲೆಲ್ಲ ಜನ ನಿಂತುಬಿಟ್ಟಿದ್ದಾರೆ ಅಂತ." ಆಮೇಲೆ ಅವಳು ನಗುತ್ತಾಳೆ. ಅದು ಭಾವನ ಸ್ವಂತ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆದರೆ ಕಂತಿನ ಅವಧಿ ಇಪ್ಪತ್ತಾರು ನಿಮಿಷದಿಂದ ಇಪ್ಪತ್ತೆರಡಕ್ಕೆ ಇಳಿದಿತ್ತು. ಹಸಿರಿಗೆಂದು ತಿದ್ದಿ ಕಳಿಸಿದ ಹಳದಿ ಪ್ರತಿಯಲ್ಲಿ ನಿರ್ದೇಶಕರು ಆ ಸಾಲಿನ ಮೇಲೂ ಕೆಂಪು ಪೆನ್ಸಿಲ್ ಎಳೆದಿದ್ದರು.

ಅಕ್ಕ ಮಧ್ಯಾಹ್ನವೆಲ್ಲ ಟೈಪ್ ಮಾಡಿದಳು. ತಾಳೆ ನೋಡಲು ಕೂತೆವು. ನಾನು ಓದುತ್ತ ಬಂದೆ, ಕೆಂಪು ಗೆರೆ ಬಂತು, ಹೊಡೆದ ಸಾಲು ಬಿಟ್ಟು ಮುಂದಿನದನ್ನು ಓದಿದೆ. ಅಕ್ಕನ ಪೆನ್ಸಿಲ್ ನಿಂತೇ ಇತ್ತು. ಬಗ್ಗಿ ನೋಡಿದೆ. ಸ್ಟೆನ್ಸಿಲ್ ಮೇಲೆ ಆ ಸಾಲು ಅಚ್ಚುಕಟ್ಟಾಗಿ ಕೂತಿತ್ತು. ಅಕ್ಕ ನನ್ನನ್ನು ನೋಡಲಿಲ್ಲ, ಅವಳ ಕಿವಿ ಕೆಂಪಾಗಿತ್ತು. ನಾನು ಒಂದು ಸಾಲು ಹಿಂದೆ ಹೋಗಿ, ಕೆಂಪು ಗೆರೆಯೇ ಇಲ್ಲದವಳಂತೆ, ಆ ಮಾತನ್ನು ಗಟ್ಟಿಯಾಗಿ ಓದಿದೆ. ಅವಳ ಪೆನ್ಸಿಲ್ ಮುಂದೆ ಹೋಯಿತು. ಎದ್ದು ಹೋಗಿ ಹಸಿರು ಹಾಳೆ ತುಂಬಿ ಹಿಡಿಕೆ ತಿರುಗಿಸಿದೆ.

ಚಿತ್ರೀಕರಣದ ದಿನ ಹಿಂದೆ ನಿಂತು ನೋಡಿದೆವು. ಟೈಲರಮ್ಮನಾಗಿದ್ದ ನಟಿ ದಾರ ಪೋಣಿಸುತ್ತ ಆ ಮಾತು ಹೇಳಿದಳು, ಹೇಳಿದವಳು ನಿಜಕ್ಕೂ ನಕ್ಕುಬಿಟ್ಟಳು. ನಟನೆಯ ನಗುವಲ್ಲ. ಕ್ಯಾಮೆರಾದವನ ಭುಜ ಕುಣಿಯಿತು. ಅಕ್ಕ ನನ್ನ ಕೈ ಹಿಡಿದಳು, ಮಸಿ ಎನ್ನುವುದನ್ನೂ ನೋಡದೆ.

ಮರುದಿನ ನಿರ್ದೇಶಕರು ನಮ್ಮ ಕೋಣೆಗೇ ಬಂದರು. ಒಂದು ಕೈಯಲ್ಲಿ ಹಳದಿ ಹಾಳೆ, ಇನ್ನೊಂದರಲ್ಲಿ ಹಸಿರು. "ಇದನ್ನ ನಾನು ಹೊಡೆದಿದ್ದೆ."

"ನಂದೇ ತಪ್ಪು ಸಾರ್, ಓದೋವಾಗ..." ಎಂದು ನಾನು ಬಾಯಿ ಹಾಕಿದೆ.

"ಇಲ್ಲ ಸಾರ್," ಎಂದಳು ಅಕ್ಕ. "ಬೇಕಂತಲೇ ಬಿಟ್ಟೆ. ಅದು ನಮ್ಮನೆಯವರ ಮಾತು."

ಅವರು ಎರಡೂ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಮೆಮೊ ಬರಲಿಲ್ಲ. ಹೋಗುವಾಗ, "ಎಡಿಟಿಂಗಲ್ಲಿ ಏನಾಗತ್ತೋ ನೋಡೋಣಮ್ಮ," ಎಂದರು. ಅಷ್ಟಕ್ಕೇ ನಾನು ಅವರ ಹಳೆಯ ಸಿಟ್ಟುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ಪ್ರಸಾರಕ್ಕೆ ಮೊದಲು ದಾಖಲೆಗೆಂದು ಕೊನೆಯ ಪ್ರತಿಯೊಂದನ್ನು ಟೈಪ್ ಮಾಡಬೇಕಿತ್ತು. ಎಡಿಟಿಂಗ್ ಆದ ಮೇಲೆ ಪರದೆಯ ಮೇಲೆ ಏನಿದೆಯೋ ಅಷ್ಟೇ ಅದರಲ್ಲಿ. ಹನ್ನೆರಡನೇ ದೃಶ್ಯ ಹೀಗಿತ್ತು: ಟೈಲರಮ್ಮ ಹೊಲಿಯುತ್ತಿದ್ದಾಳೆ. ನಗುತ್ತಾಳೆ. ಹೊಲಿಗೆ ಮುಂದುವರಿಸುತ್ತಾಳೆ. ಮಾತು ಇಲ್ಲ. ಸಾಲು ತೆಗೆಯದಿದ್ದರೆ ಅವಧಿ ಮೀರುತ್ತಿತ್ತು, ನಗು ತೆಗೆಯಲು ಮಾತ್ರ ಮನಸ್ಸಾಗಲಿಲ್ಲ ಎಂದು ಎಡಿಟರ್ ಆಮೇಲೆ ಹೇಳಿದ. ಅಕ್ಕ ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದಳು. ಮುಗಿಸಿ, "ಇವತ್ತು ಅತ್ತೆಗೆ ಹೇಳ್ಬಿಡ್ತೀನಿ," ಎಂದಳು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಪ್ರಸಾರದ ಸಂಜೆ ನಾನೂ ಹೋದೆ. ಟೀವಿ ಕೇಂದ್ರದಲ್ಲಿ ದುಡಿಯುವವಳ ಮನೆಯಲ್ಲಿ ಟೀವಿ ಇರಲಿಲ್ಲ. ಪಕ್ಕದ ಮನೆಯ ಮೇಷ್ಟರ ಹಜಾರದಲ್ಲಿ ಬೀದಿಯ ಹದಿನೈದು ಇಪ್ಪತ್ತು ಜನ ನೆಲದ ಮೇಲೆ ಕೂತಿದ್ದರು. ಮುಂದೆ ಇದ್ದ ಒಂದೇ ಕುರ್ಚಿ ಅತ್ತೆಗೆ. ಒಗೆದ ಸೀರೆ ಉಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಓಡಿಹೋಗುತ್ತಾಳೇನೋ ಎಂದು ನಾನು ಅವಳ ಪಕ್ಕದಲ್ಲೇ ನಿಂತೆ.

ಐದು ನಿಮಿಷ ಹೋಯಿತು. ಹತ್ತಾಯಿತು. ಸಾಬೂನಿನ ಜಾಹೀರಾತು ಬಂದು ಹೋಯಿತು. ಮೇಷ್ಟರ ಹೆಂಡತಿ ಹಿಂದಿನಿಂದ ಕೇಳಿದರು: "ಎಲ್ಲಮ್ಮಾ ನಿಮ್ಮ ಮಗ? ಕಾಣಿಸ್ತಾನೇ ಇಲ್ಲ?"

"ಬರ್ತಾನೆ, ಸುಮ್ನಿರು," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಕೊನೇ ಟ್ರಿಪ್ಪು ಮುಗಿಸಿ ಬರಬೇಕಲ್ಲ."

ಅಕ್ಕ ಮುಖ ಬಾಗಿಲ ಕಡೆ ತಿರುಗಿಸಿಕೊಂಡಳು. ನನಗೆ ಆ ಸಾಬೂನಿನವರನ್ನು, ಬಡಗಿಯನ್ನು, ಓಡಿಹೋದ ನಟನನ್ನು ಸಾಲಾಗಿ ನಿಲ್ಲಿಸಿ ಬೈಯಬೇಕೆನಿಸಿತು.

ಹನ್ನೆರಡನೇ ದೃಶ್ಯ ಬಂತು. ಟೈಲರಮ್ಮ ಒಬ್ಬಳೇ. ಹಿಂದೆ ಖಾಲಿ ಗೋಡೆ. ದಾರ ಪೋಣಿಸಿದಳು, ಎತ್ತಲೋ ನೋಡಿದಳು, ಇದ್ದಕ್ಕಿದ್ದಂತೆ ನಕ್ಕಳು. ಹಜಾರದಲ್ಲಿ ಯಾರಿಗೂ ಅರ್ಥವಾಗಲಿಲ್ಲ. "ಇವಳ್ಯಾಕೆ ಒಬ್ಬಳೇ ನಗ್ತಾಳೆ?" ಎಂದು ಯಾರೋ ಗೊಣಗಿದರು.

ಅತ್ತೆ ಕುರ್ಚಿಯ ತುದಿಗೆ ಬಂದಿದ್ದರು. "ನಕ್ಕಳಲ್ಲ," ಎಂದರು. "ಏನೋ ಹೇಳಿರ್ತಾನೆ ಇವನು."

ಆಮೇಲೆ ಹಿಂದಕ್ಕೆ ತಿರುಗಿ, ಅಷ್ಟು ಜನರ ತಲೆಯ ಮೇಲಿಂದ ಸೊಸೆಯನ್ನು ಹುಡುಕಿ ಕೇಳಿದರು: "ಏನಂದನೇ?"

ಅಕ್ಕ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ನಾನು ಹೇಳಬಹುದಿತ್ತು, ನನಗೂ ಬಾಯಿಪಾಠ. ಹೇಳಲಿಲ್ಲ. ಬಸ್ಸಿನ ಜಾಗದ ಆ ಮಾತನ್ನು ಅವಳೇ ಅಳುತ್ತಲೇ ಪೂರ್ತಿ ಹೇಳಿದಳು. ಹಜಾರದವರೆಲ್ಲ ಟೀವಿ ಬಿಟ್ಟು ಅವಳನ್ನು ನೋಡುತ್ತಿದ್ದರು. ಮೊದಲು ಮೇಷ್ಟರು ನಕ್ಕರು, ಆಮೇಲೆ ಎಲ್ಲರೂ.

ಅತ್ತೆ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವನೇ," ಎಂದರು. "ಅವನೇ ಕಣೇ."