ಚುಕ್ಕಿಯಿಲ್ಲದ ಅಂಕಿ

ರೇಸ್ ಮೈದಾನದಲ್ಲಿ ಅವರಿಗೆ ಬಿದ್ದಿದ್ದ ಹೆಸರು ಅರೆಗಳಿಗೆ. ಯಾರು ಏನೇ ಕೇಳಲಿ, ಮೊದಲು "ಅರೆಗಳಿಗೆ ಇರಿ" ಅನ್ನುವುದು ಅವರ ಬಾಯಿಚಾಳಿ. ಮದುವೆಯ ದಿನವೂ ಹಾಗೇ ಅಂದಿದ್ದರಂತೆ. ಹೆಂಡತಿ ಬದುಕಿರುವವರೆಗೂ ಅದನ್ನು ಆಡಿಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ನಗುವವರು ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು.

ಮೂವತ್ತಮೂರು ವರ್ಷ ಅವರು ಮಾಡಿದ ಕೆಲಸ ಒಂದೇ. ಓಟದ ದಿನ ಬೇಲಿಗೆ ಒರಗಿ, ಎರಡು ಕೈಯಲ್ಲಿ ಎರಡು ಗಡಿಯಾರ ಹಿಡಿದು, ಯಾವ ಕುದುರೆ ಯಾವ ಕಂಬವನ್ನು ಎಷ್ಟು ಹೊತ್ತಿಗೆ ದಾಟಿತು ಎಂದು ಕೂಗಿ ಹೇಳುವುದು. ಪಕ್ಕದಲ್ಲಿ ನಿಂತ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಆ ಅಂಕಿಗಳು ವಾರಕ್ಕೊಮ್ಮೆ ಸಣ್ಣ ಪುಸ್ತಕವಾಗಿ ಅಚ್ಚಾಗುತ್ತಿದ್ದವು. ಬಾಜಿ ಕಟ್ಟುವವರು ಅದನ್ನು ಓದಿ ಕುದುರೆ ಗೆಲ್ಲುತ್ತದೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ಕುದುರೆಯ ಮೇಲೆ ಕೂರುವ ಜಾಕಿಗಳು ಅದನ್ನು ಓದುತ್ತಿದ್ದುದು ಬೇರೆ ಕಾರಣಕ್ಕೆ.

ಆ ಕಾರಣ ಕೊನೆಯ ಇನ್ನೂರು ಮೀಟರಿನಲ್ಲಿತ್ತು. ಕಾಲಿನ ಎಲುಬಿನೊಳಗೆ ಬಿರುಕು ಹುಟ್ಟಿದ ಕುದುರೆ ಲಾಯದಲ್ಲಿ ಕುಂಟುವುದಿಲ್ಲ, ಬೆಳಗಿನ ತಾಲೀಮಿನಲ್ಲೂ ಕುಂಟುವುದಿಲ್ಲ. ಮೈ ದಣಿದ ಮೇಲೆ, ಗುರಿ ಕಣ್ಣೆದುರಿಗೆ ಬಂದಾಗ, ಅರ್ಧ ಸೆಕೆಂಡು, ಮುಕ್ಕಾಲು ಸೆಕೆಂಡು ಹಿಂದೆ ಬೀಳುತ್ತದೆ. ಒಂದು ಓಟದಲ್ಲಿ ಹಾಗಾದರೆ ಸೋಮಾರಿತನ ಅನ್ನಬಹುದು. ಮೂರು ಓಟದಲ್ಲಿ ಹಾಗಾದರೆ ಆ ಕುದುರೆಯ ಮೇಲೆ ಮನುಷ್ಯ ಕೂರಬಾರದು. ಪಶುವೈದ್ಯರಿಗೆ ಕಾಣದ್ದು ಅರೆಗಳಿಗೆಯವರ ಅಂಕಿಯಲ್ಲಿ ಕಾಣುತ್ತಿತ್ತು ಅಂತ ಹಳೆಯ ಜಾಕಿಗಳು ಇವತ್ತಿಗೂ ಹೇಳುತ್ತಾರೆ. ಅದರಲ್ಲಿ ಉಪ್ಪು ಖಾರ ಹಚ್ಚಿದ್ದೇನೂ ಇಲ್ಲ.

ಸಮಯ ಸಿಗದೆ ಹೋಗುವ ದಿನಗಳೂ ಇದ್ದವು. ಮಂಜು ಕವಿಯುತ್ತಿತ್ತು, ಇಲ್ಲವೇ ಎರಡು ಕುದುರೆ ಮೈಗೆ ಮೈ ಅಂಟಿಕೊಂಡು ಓಡಿ ಒಂದು ಇನ್ನೊಂದನ್ನು ಮರೆಮಾಡುತ್ತಿತ್ತು. ಅಂಥ ದಿನ ಏನು ಮಾಡಬೇಕೆಂದು ಅವರಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ಕುದುರೆಯ ಹಿಂದಿನ ಓಟ ನೋಡಿ ಅಂದಾಜಿನ ಅಂಕಿ ಹಾಕು, ಅದರ ನೆತ್ತಿಯ ಮೇಲೊಂದು ಚುಕ್ಕಿ ಇಡು. ಚುಕ್ಕಿ ಇದ್ದರೆ ಅದು ಕಣ್ಣು ಕಂಡದ್ದಲ್ಲ, ತಲೆ ಊಹಿಸಿದ್ದು. ಬಾಜಿ ಕಟ್ಟುವವರು ಚುಕ್ಕಿಯನ್ನು ಮಸಿಯ ಹನಿ ಎಂದುಕೊಳ್ಳುತ್ತಿದ್ದರು. ಲಾಯದವರಿಗೂ ಜಾಕಿಗಳಿಗೂ ಅದರ ಅರ್ಥ ಗೊತ್ತಿತ್ತು.

ಹಾಗೆ ಗೊತ್ತಿದ್ದವರಲ್ಲಿ ಅವರ ಅಕ್ಕನ ಮಗನೂ ಒಬ್ಬ. ಅಕ್ಕನಿಗೆ ಗಂಡನಿಲ್ಲ, ಇವನೊಬ್ಬನೇ ಮಗ. ಮಾವನ ಹಿಂದೆ ಮೈದಾನ ಸುತ್ತಿ ಸುತ್ತಿ ಜಾಕಿಯಾದ, ಮೂವತ್ತೊಂದು ವರ್ಷವಾದರೂ ಮೈ ತೂಕ ಐವತ್ತೆರಡು ಕಿಲೋ ದಾಟಲು ಬಿಟ್ಟಿರಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ, ಶನಿವಾರದ ಕುದುರೆಗಳನ್ನು ಒಪ್ಪಿಕೊಳ್ಳುವ ಮೊದಲು, ಮಾವನಿಗೆ ಫೋನ್ ಮಾಡುತ್ತಿದ್ದ. ಇವರು ಹತ್ತು ಅಂದರೆ ಹತ್ತುತ್ತಿದ್ದ, ಬೇಡ ಅಂದರೆ ಹೊಟ್ಟೆನೋವು ಅಂತ ಟ್ರೈನರಿಗೆ ಸುಳ್ಳು ಹೇಳುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನ ಮೈಮೇಲೆ ಒಂದು ಹೊಲಿಗೆ ಬೀಳಲಿಲ್ಲ.

ಎರಡು ವರ್ಷದ ಹಿಂದೆ ಡೇಟಾ ಕಂಪನಿ ಬಂತು. ಪ್ರತಿ ಕುದುರೆಯ ಜೀನಿನ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಇಟ್ಟರು. ಸೆಕೆಂಡಿನ ನೂರನೇ ಭಾಗವನ್ನೂ ಹಿಡಿಯುತ್ತದಂತೆ. ಗಡಿಯಾರ ಹಿಡಿದವರಿಗೆ ಇನ್ನು ಬೇಲಿಯ ಬಳಿ ಜಾಗವಿಲ್ಲ ಎಂದು ಚೀಟಿ ಅಂಟಿಸಿದರು. ಅರೆಗಳಿಗೆಯವರು ಪುಸ್ತಕ ಅಚ್ಚಾಗುವ ಪ್ರೆಸ್ಸಿನ ಮಹಡಿಯ ಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಕಂಪನಿ ಕಳಿಸಿದ ಹಾಳೆಯನ್ನು ಪುಸ್ತಕಕ್ಕೆ ಇಳಿಸುವ ಕೆಲಸಕ್ಕೆ ಬಂದರು. ಅದಕ್ಕೂ ಅವರು ಬೇಸರಪಡಲಿಲ್ಲ, ಅಂಕಿ ಸರಿಯಿದ್ದರೆ ಸಾಕು ಅಂದುಕೊಂಡರು. ಅಂಕಿ ಎಲ್ಲಿ ಸರಿಯಿರುತ್ತದೆ? ಹಾಳೆಯ ತುಂಬ ತೂತು. ಹತ್ತು ಕುದುರೆ ಓಡಿದರೆ ಎರಡಕ್ಕೆ ತಿರುವಿನಿಂದ ಮುಂದಕ್ಕೆ ಸಮಯವೇ ಇಲ್ಲ. ಆ ಚೌಕದ ಮನೆಗಳಲ್ಲಿ 'ಲಭ್ಯವಿಲ್ಲ' ಎಂದು ಅಚ್ಚುಕಟ್ಟಾಗಿ ಬರೆದಿರುತ್ತಿತ್ತು. ನೂರನೇ ಭಾಗ ಹಿಡಿಯುವ ಯಂತ್ರಕ್ಕೆ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಕೈತಪ್ಪಿಹೋಗುತ್ತಿತ್ತು!

ಅವರು ಫೋನ್ ಹಚ್ಚಿದರು. ಆ ಕಡೆ ಎಳೆಯ ದನಿಯ ಹುಡುಗಿ.

"ಓಟ ಅಂದ್ರೆ ಮನುಷ್ಯರದ್ದಾ ಸರ್, ಗಾಡಿಗಳದ್ದಾ?"

"ಕುದುರೇದಮ್ಮ."

"ನಿಮ್ಮ ದೂರು ನೋಂದಣಿ ಆಗಿದೆ ಸರ್."

"ಹೋದ ತಿಂಗಳದ್ದೂ ನೋಂದಣಿ ಆಗಿತ್ತು. ಅದೇನಾಯ್ತು?"

"ಅದು ಮುಗಿದಿದೆ ಅಂತ ತೋರಿಸ್ತಿದೆ."

"ನಿಮ್ಮ ಕಡೆ ಮುಗಿದಿದೆ. ನನ್ನ ಹಾಳೆಯಲ್ಲಿ ಇನ್ನೂ ಖಾಲಿ ಇದೆಯಲ್ಲ."

"ಹಾಗಾದ್ರೆ ಹೊಸ ದೂರು ಕೊಡಿ ಸರ್."

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ. ಆ ಹುಡುಗಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವಳ ಮುಂದೆ ಏನು ಬರೆದಿತ್ತೋ ಅದನ್ನು ಓದುತ್ತಿದ್ದಳು. ಅದನ್ನು ಬರೆದುಕೊಟ್ಟವರು ಯಾರೆಂದು ಮಾತ್ರ ಎರಡು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಇತ್ತ ಪ್ರೆಸ್ಸಿನ ಯಜಮಾನನ ಕಾಟ. "ಅರ್ಧ ಖಾಲಿ ಇರೋ ಪುಸ್ತಕ ಯಾರು ತಗೋತಾರೆ ಮಾರಾಯ್ರೆ? ನಿಮಗೆ ಗೊತ್ತಿಲ್ಲದ ಕುದುರೆ ಯಾವುದಿದೆ, ತುಂಬಿಸಿ ನೀವೇ." ಅವರು ತುಂಬಿಸಿದರು, ಚುಕ್ಕಿಯನ್ನೂ ಇಟ್ಟರು. ಪುಟ ಜೋಡಿಸುವ ಕಂಪ್ಯೂಟರಿಗೆ ಚುಕ್ಕಿ ಹಿಡಿಸಲಿಲ್ಲ. ಅಂಕಿ ಇರುವ ಮನೆಯಲ್ಲಿ ಅಂಕಿಯೇ ಇರಬೇಕು ಎಂದು ಹಟ ಹಿಡಿದು ಅದನ್ನು ನುಂಗಿಹಾಕಿತು. ಮೂರು ವಾರ ಒದ್ದಾಡಿ ಅರೆಗಳಿಗೆಯವರು ಸೋತರು. ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಚುಕ್ಕಿ ಇಟ್ಟುಕೊಂಡು, ಕೇಳಿದ ಲಾಯದವರಿಗೆ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡರು. ಸೋದರಳಿಯನಂತೂ ಹೇಗೂ ಗುರುವಾರ ಕೇಳುತ್ತಾನೆ.

ಲಾಯದವರು ಬಿಳಿಗಾಲಿ ಎಂದು ಕರೆಯುತ್ತಿದ್ದ ಕಂದು ಹೆಣ್ಣುಕುದುರೆಯೊಂದಿತ್ತು. ಹಿಂದೆ ಬೇರೊಬ್ಬ ಜಾಕಿ ಅದನ್ನು ಓಡಿಸುತ್ತಿದ್ದ. ಕೊನೆಯ ಮೂರು ಓಟದಲ್ಲಿ ಅದು ಆರನೆಯದು, ಐದನೆಯದು, ಮತ್ತೆ ಆರನೆಯದಾಗಿ ಬಂತು. ಮೂರಕ್ಕೂ ತಿರುವಿನಿಂದ ಮುಂದಕ್ಕೆ 'ಲಭ್ಯವಿಲ್ಲ'. ಎಷ್ಟು ಸೋತಿತು ಎಂಬುದು ಗೊತ್ತಿತ್ತು, ಎಲ್ಲಿ ಸೋತಿತು ಎಂಬುದು ಗೊತ್ತಿರಲಿಲ್ಲ. ತಿರುವಿನಲ್ಲಿ ಬೇರೆ ಕುದುರೆಗಳ ನಡುವೆ ಸಿಕ್ಕಿಕೊಂಡಿತೋ, ಕೊನೆಯಲ್ಲಿ ಕುಸಿಯಿತೋ? ಬೇಲಿಯ ಬಳಿ ನಿಂತಿದ್ದರೆ ಬರಿಗಣ್ಣಲ್ಲೇ ಹೇಳುತ್ತಿದ್ದರು. ಟೀವಿ ತೋರಿಸುವುದು ಮುಂದೆ ಓಡುವ ಕುದುರೆಗಳನ್ನಷ್ಟೇ. ಈಗ ಹಳೆಯ ಓಟಗಳನ್ನು ನೋಡಿ ಕೊನೆಯ ಇನ್ನೂರು ಮೀಟರಿಗೆ ಹನ್ನೆರಡು ಪಾಯಿಂಟ್ ಎರಡು ಅಂತ ಮೂರೂ ಮನೆಗೆ ಹಾಕಿದರು. ಬುಧವಾರ ಪುಸ್ತಕ ಅಚ್ಚಾಯಿತು.

ಹಾಕಿದ್ದು ಅವರಿಗೇ ಸಮಾಧಾನವಿರಲಿಲ್ಲ. ಗುರುವಾರ ಮಧ್ಯಾಹ್ನ ಮತ್ತೆ ಕಂಪನಿಗೆ ಫೋನ್ ಹಚ್ಚಿ ಕೂತರು. ನೀವು ಸಾಲಿನಲ್ಲಿ ಒಂಬತ್ತನೆಯವರು ಎಂದು ಯಂತ್ರ ಹೇಳಿತು. ಮುಕ್ಕಾಲು ಗಂಟೆ ಕಾದ ಮೇಲೆ ಎರಡನೆಯವರಾದರು. ಅಷ್ಟರಲ್ಲಿ ಅಳಿಯನ ಕರೆ ಬಂತು. ಎತ್ತಿಕೊಂಡರೆ ಸಾಲಿನ ಜಾಗ ಹೋಗುತ್ತದೆ. ಅವನು ಕೇಳುವುದೂ ಇಂಥ ಸಮಯವನ್ನೇ, ಸಿಕ್ಕ ಮೇಲೆ ಹೇಳೋಣ ಎಂದು ಬಿಟ್ಟರು. ಎರಡನೆಯ ಸಲ ಬಂತು. ಆಗಲೂ ಎತ್ತಲಿಲ್ಲ. ಇನ್ನೈದು ನಿಮಿಷಕ್ಕೆ ಕಂಪನಿಯ ಲೈನು ತಾನಾಗಿ ಕಡಿದುಹೋಯಿತು.

ತಕ್ಷಣ ಅಳಿಯನಿಗೆ ಮಾಡಿದರು.

"ಆಯ್ತು ಬಿಡು ಮಾವ," ಅಂದ ಅವನು. "ಬಿಳಿಗಾಲಿ ವಿಷಯ ಕೇಳೋಣ ಅಂತಿದ್ದೆ. ನೀನು ಎತ್ತಲಿಲ್ಲ, ಪುಸ್ತಕ ನೋಡ್ದೆ. ಮೂರು ಸಲಾನೂ ಹನ್ನೆರಡು ಪಾಯಿಂಟ್ ಎರಡು, ಒಂದು ಕೂದಲೆಳೆ ಆಚೀಚೆ ಇಲ್ಲ. ಟ್ರೈನರು ಅವಸರ ಮಾಡ್ತಿದ್ರು, ಹೂಂ ಅಂದ್ಬಿಟ್ಟೆ."

"ಅದು..." ಎಂದರು ಅರೆಗಳಿಗೆಯವರು.

"ಏನು ಮಾವ?"

ಒಪ್ಪಿಕೊಂಡ ಮೇಲೆ ಬಿಟ್ಟರೆ ಜಾಕಿಗೆ ಒಂದು ತಿಂಗಳು ಓಟ ನಿಲ್ಲಿಸುತ್ತಾರೆ. ಅಂದಾಜು ಸರಿಯೇ ಇದ್ದೀತು. ಮೂವತ್ತಮೂರು ವರ್ಷದಲ್ಲಿ ಚುಕ್ಕಿಯ ಅಂಕಿ ತಪ್ಪಿದ್ದು ಕಡಿಮೆ. ಇವೆರಡೂ ನಿಜ. ಇನ್ನೊಂದೂ ನಿಜ, ಅದನ್ನು ಮುಚ್ಚಿಡಬಾರದು. ಮಾವನ ಅಂಕಿ ಅಂದರೆ ಕಣ್ಣುಮುಚ್ಚಿ ನಂಬುವವನಿಗೆ, ಅದು ನಾನು ಕೂತಲ್ಲೇ ಹುಟ್ಟಿಸಿದ್ದು ಕಣೋ ಅನ್ನಲು ಅವರಿಗೆ ನಾಚಿಕೆಯಾಯಿತು.

"ಏನಿಲ್ಲ. ತಿರುವಿನಲ್ಲಿ ಜೋಪಾನ," ಎಂದರು.

ಶನಿವಾರ ಪ್ರೆಸ್ಸಿನ ಕೆಳಗಿನ ಚಹಾದಂಗಡಿಯ ಟೀವಿಯಲ್ಲಿ ಓಟ ನೋಡಿದರು. ತಿರುವನ್ನು ಬಿಳಿಗಾಲಿ ಚೆನ್ನಾಗಿಯೇ ದಾಟಿತು. ಇನ್ನೂರರ ಕಂಬ ಕಳೆದು ಐವತ್ತು ಮೀಟರಿಗೆ ಅದರ ಮುಂಗಾಲು ಮಡಚಿಕೊಂಡಿತು. ಸವಾರ ತಲೆಯ ಮೇಲಿಂದ ಹಾರಿ ಬಿದ್ದ. ಹಿಂದಿನಿಂದ ಬಂದ ಕುದುರೆಗೆ ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಕುದುರೆಯ ಸುತ್ತ ಹಸಿರು ಪರದೆ ಹಿಡಿದರು. ಕಾಲು ಮುರಿದ ಕುದುರೆಗೆ ಪರದೆಯ ಹಿಂದೆ ಕೊನೆಯ ಸೂಜಿ ಚುಚ್ಚುತ್ತಾರೆಂದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಹಾ ಕುಡಿಯುತ್ತಿದ್ದವನೊಬ್ಬ ತಾನು ಕಟ್ಟಿದ ಬಾಜಿ ಹೋಯಿತೆಂದು ಬೈದ. ಅರೆಗಳಿಗೆಯವರು ಅವನ ಕೆನ್ನೆಗೆ ಹೊಡೆದರು. ಜೀವಮಾನದಲ್ಲಿ ಅವರು ಯಾರ ಮೇಲಾದರೂ ಕೈ ಮಾಡಿದ್ದು ಅದೊಂದೇ ಸಲ, ಅದೂ ತಪ್ಪು ಮನುಷ್ಯನ ಮೇಲೆ.

ಅಳಿಯ ಬದುಕಿದ. ಸೊಂಟದಿಂದ ಕೆಳಗೆ ಇನ್ನು ಸ್ವಾಧೀನವಿಲ್ಲ ಎಂದು ಡಾಕ್ಟರು ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಹೇಳಿದರು. ಅಕ್ಕ ಅಳಲಿಲ್ಲ. ತಮ್ಮನ ತೋಳು ಹಿಡಿದುಕೊಂಡು, "ನೀನಿದ್ದೀಯಲ್ಲ," ಎಂದಳು.

ಹನ್ನೆರಡು ದಿನದ ಮೇಲೆ, ಬಿಳಿಗಾಲಿಯ ಬಗ್ಗೆ ಮೊದಲೇ ಕೊಟ್ಟಿದ್ದ ದೂರಿಗೆ ಕಂಪನಿಯಿಂದ ಉತ್ತರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಮಯಗಳು ಕಳೆದುಹೋಗಿರಲಿಲ್ಲವಂತೆ. ಕೊನೆಯ ಇನ್ನೂರು ಮೀಟರಿನಲ್ಲಿ ಒಂದು ಕುದುರೆ ತನ್ನ ಹಿಂದಿನ ಸರಾಸರಿಗಿಂತ ಅರ್ಧ ಸೆಕೆಂಡಿಗೂ ಹೆಚ್ಚು ನಿಧಾನವಾದರೆ, ಯಂತ್ರದ ದೋಷವಿರಬೇಕೆಂದು ತಂತ್ರಾಂಶವೇ ತಿರುವಿನಿಂದ ಮುಂದಿನದನ್ನೆಲ್ಲ ಅಳಿಸಿ 'ಲಭ್ಯವಿಲ್ಲ' ಎಂದು ಹಾಕುತ್ತದಂತೆ. ತಾವು ಕೇಳಿದ ಅಂಕಿಗಳನ್ನು ಈ ಕೆಳಗೆ ಕೊಡಲಾಗಿದೆ: ಹನ್ನೆರಡು ಪಾಯಿಂಟ್ ಒಂಬತ್ತು, ಹದಿಮೂರು ಪಾಯಿಂಟ್ ಮೂರು, ಹದಿಮೂರು ಪಾಯಿಂಟ್ ಎಂಟು. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಖಾಲಿ ಮನೆ ಅಂದರೆ ನಿಧಾನವಾದ ಕುದುರೆ. ಎರಡು ವರ್ಷ ಹಾಳೆ ಅದನ್ನೇ ಹೇಳುತ್ತಿತ್ತು, ಅವರು ಅದರ ಬಾಯಿಗೆ ಒಳ್ಳೊಳ್ಳೆಯ ಅಂಕಿ ತುರುಕುತ್ತಿದ್ದರು. ಮರುದಿನದಿಂದ ಪ್ರೆಸ್ಸಿಗೆ ಹೋಗಲಿಲ್ಲ. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ದಿನವೂ ಅಕ್ಕನ ಮನೆಗೆ ಹೋದರು, ಅಳಿಯನನ್ನು ಮಗ್ಗಲು ಬದಲಿಸಿ ಮಲಗಿಸಿದರು, ಮೈ ಒರೆಸಿದರು. ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಒಳಗೆ ಅಡಿಗೆ ಮಾಡುತ್ತಿದ್ದಾಗ ಅಳಿಯನೇ ಮಾತು ತೆಗೆದ.

"ನಾನೇ ಏನೋ ತಪ್ಪು ಮಾಡ್ದೆ ಮಾವ. ಲಗಾಮು ಜಾಸ್ತಿ ಎಳೆದೆನೇನೋ. ಗಟ್ಟಿ ಕುದುರೆ ಅದು, ನಿನ್ನ ಅಂಕಿಯೇ ಹೇಳ್ತಿತ್ತು. ನಾನೇ ಅದನ್ನ ಕೊಂದೆ."

ತನ್ನ ಕಾಲು ಹೋದದ್ದಕ್ಕಲ್ಲ, ಕುದುರೆಗಾಗಿ ಅವನು ಅಳುತ್ತಿದ್ದ. ಅರೆಗಳಿಗೆಯವರಿಗೆ ಇನ್ನು ತಡೆಯಲಾಗಲಿಲ್ಲ. ಕಾಗದ ತೆಗೆದು ಅವನ ಎದೆಯ ಮೇಲಿಟ್ಟರು.

"ಆ ಅಂಕಿ ನಾನು ಹಾಕಿದ್ದು ಕಣೋ. ಅಂದಾಜು. ನಿಜವಾದದ್ದು ಇದು."

ಅವನು ಓದಿದ. ಮೂರೇ ಅಂಕಿ, ಆದರೂ ಓದಲು ಬಹಳ ಹೊತ್ತು ಹಿಡಿಯಿತು.

"ಚುಕ್ಕಿ ಇರಲಿಲ್ಲವಲ್ಲ ಮಾವ."

"ಈಗಿನ ಕಂಪ್ಯೂಟರಲ್ಲಿ ಚುಕ್ಕಿ ಬೀಳಲ್ಲ."

"ಫೋನಲ್ಲಿ ಹೇಳಬಹುದಿತ್ತು."

ಅವರು ಅವನ ಹೊದಿಕೆಯ ಅಂಚನ್ನು ಸರಿಮಾಡಿದರು.

"ಖಾಲಿ ಬಿಟ್ಟಿದ್ರೂ ಆಗ್ತಿತ್ತು," ಅಂದ ಅವನು. "ಖಾಲಿ ಇದ್ದಿದ್ರೆ ನಾನು ಹತ್ತುತ್ತಿರಲಿಲ್ಲ."

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ತನ್ನಷ್ಟಕ್ಕೆ ತಾನು ತಿರುಗಿಸಲು ಅವನಿಗೆ ಉಳಿದಿದ್ದುದು ಅಷ್ಟೇ. ಒಳಗೆ ಪಾತ್ರೆ ಇಳಿಸಿದ ಸದ್ದಾಯಿತು. ಅವನು ಗೋಡೆ ನೋಡುತ್ತಲೇ ಕಾಗದವನ್ನು ಹಾಸಿಗೆಯ ಕೆಳಗೆ ತಳ್ಳಿದ.

"ಅಮ್ಮನಿಗೆ ಹೇಳಬೇಡ. ನನ್ನ ಕಾಲು ಹೋಯ್ತು ಅಂತ ಗೊತ್ತು ಅವಳಿಗೆ. ತಮ್ಮನೂ ಹೋದ ಅಂತ ಆಗೋದು ಬೇಡ."

ಅಕ್ಕ ತಟ್ಟೆ ಹಿಡಿದು ಬಂದಳು. ಮೊದಲು ತಮ್ಮನ ಮುಂದಿಟ್ಟಳು.

"ಉಣ್ಣು. ನೀನಿಲ್ಲದಿದ್ರೆ ನಾವಿಬ್ಬರೂ ಏನಾಗ್ತಿದ್ವೋ," ಅಂದಳು. "ಹಾಕ್ಲಾ ಇನ್ನೊಂಚೂರು?"

"ಸಾಕಕ್ಕ," ಎಂದರು ಅವರು.

"ಹಾಕಮ್ಮ," ಎಂದಿತು ಗೋಡೆಯ ಕಡೆಯಿಂದ ದನಿ. "ಮಾವ ಬೆಳಗ್ಗಿಂದ ಏನೂ ತಿಂದಿಲ್ಲ."

ಅಕ್ಕ ಬಡಿಸಿದಳು. ತಟ್ಟೆ ಖಾಲಿಯಾಗುವವರೆಗೂ ಅವರು ಉಣ್ಣಬೇಕಾಯಿತು.