ಡಾಕ್ಟರ ಮಾತನ್ನು ಅವ್ವನಿಗೆ ತಿಳಿಸಿದವಳು ನಾನು

ನನ್ನ ತಮ್ಮ ಎಂಟು ವರ್ಷಕ್ಕೇ ನನ್ನ ಎರಡರಷ್ಟಿದ್ದ. ನನಗಾಗ ಹನ್ನೊಂದು. ಬನವಾಸಿಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಮೂರು ಹೆಣ್ಣಿನ ಮೇಲೆ ಹುಟ್ಟಿದವನೆಂದು ಅವ್ವ ಅವನಿಗೆ ದಿನಾ ಮಧ್ಯಾಹ್ನ ಒಂದು ಬಟ್ಟಲು ಗೋಧಿ-ಬೆಲ್ಲದ ಮಾದಲಿಗೆ ತುಪ್ಪ ಸುರಿದು, ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದರಿಂದ ಅವನು ಬಿಟ್ಟದ್ದೆಲ್ಲ ನನಗೆ. ಮನೆಗೆ ಬಂದವರು ಅವನ ಗಲ್ಲ ಹಿಂಡಿ, "ಮಗ ಅಂದ್ರ ಹಿಂಗಿರಬೇಕ ನೋಡ್ರಿ" ಎಂದರೆ ಅವ್ವನ ಮುಖ ಅರಳುತ್ತಿತ್ತು.

ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಶಾಲೆಯ ಮೆಟ್ಟಿಲು ಹತ್ತುವಾಗ ತಮ್ಮನಿಗೆ ಏದುಸಿರು ಬರತೊಡಗಿತು. ಅವ್ವ ಗಾಬರಿಯಾಗಿ ಶಿರಸಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ರತ್ನಾಗಿರಿ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ಬೆಳಗಾವಿಯ ಸೋದರಮಾವನ ಮನೆಯಲ್ಲಿದ್ದು ಮರಾಠಿ ಕಲಿತಿದ್ದ ನನ್ನನ್ನೂ ಅದಕ್ಕೇ ಜೊತೆಗೆ ಕರೆದುಕೊಂಡಿದ್ದಳು.

ಡಾಕ್ಟರು ತಮ್ಮನ ಎದೆ ಪರೀಕ್ಷಿಸಿ, ತೂಕ ನೋಡಿ, ನನ್ನ ಕಡೆ ತಿರುಗಿ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ರೋಗವೇನೂ ಇಲ್ಲ, ಮೈ ವಯಸ್ಸಿಗೆ ಮೀರಿ ಬೆಳೆದಿದೆ. ತುಪ್ಪ, ಸಿಹಿ ಕಡಿಮೆ ಮಾಡಬೇಕು, ದಿನಾ ಓಡಿ ಆಡಬೇಕು. ಈ ಬೊಜ್ಜು ಹೀಗೇ ಉಳಿದರೆ ದೊಡ್ಡವನಾದ ಮೇಲೆ ರಕ್ತದೊತ್ತಡ ಬಂದು ಹೃದಯಕ್ಕೇ ತೊಂದರೆಯಾದೀತು.

"ಏನಂದ್ರ?" ಎಂದಳು ಅವ್ವ.

"ರೋಗ ಏನೂ ಇಲ್ಲಂತ."

"ಮತ್ತ ಅಷ್ಟೊತ್ತು ಏನ ಹೇಳಿದ್ರು?"

ನನಗೆ ಮಧ್ಯಾಹ್ನದ ಬಟ್ಟಲು ಕಣ್ಣ ಮುಂದೆ ಬಂತು. ಅದು ನಿಂತರೆ ನನಗೆ ಸಿಗುವ ಉಳಿಕೆಯೂ ನಿಲ್ಲುತ್ತಿತ್ತು. "ಭಾಳ ಓಡಾಡಿದ್ರ ದಣಿವಾಗ್ತದಂತ" ಎಂದೆ.

ಅವ್ವ ಡಾಕ್ಟರಿಗೆ ಕೈಮುಗಿದಳು. ತಾವು ಹೇಳಿದ್ದು ಮುಟ್ಟಿತೆಂದುಕೊಂಡು ಅವರೂ ತಲೆಯಾಡಿಸಿದರು.

ಮರುದಿನದಿಂದಲೇ ತಮ್ಮನ ಆಟ ಬಂದಾಯಿತು. ಅಪ್ಪ ಅವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರತೊಡಗಿದ. ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ.

"ಅಕ್ಕಾ, ನಾನೂ ಆಡ್ತೀನಿ ಅಂತ ಅವ್ವಗ ಹೇಳ" ಎಂದು ಅವನು ಸಂಜೆ ಗೋಗರೆಯುತ್ತಿದ್ದ.

"ಡಾಕ್ಟರು ಬ್ಯಾಡ ಅಂದಾರ" ಎನ್ನುತ್ತಿದ್ದೆ. ಎರಡು ಮೂರು ಸಲ ನಿಜ ಹೇಳಬೇಕೆನಿಸಿತು. ಏಟಿಗೆ ಹೆದರಿ ಸುಮ್ಮನಾದೆ. ಆಮೇಲೆ ಹೇಳುವ ಹೊತ್ತೇ ದಾಟಿಹೋಯಿತು.

ಅರವತ್ತರ ದಶಕದ ಕೊನೆಗೆ ಅವನು ಯಲ್ಲಾಪುರದಲ್ಲಿ ಅಂಗಡಿ ಇಟ್ಟ. ಆಗಲೇ ಯಾರಾದರೂ ಕೈ ಹಿಡಿಯದೆ ಬಸ್ಸು ಹತ್ತಲಾಗುತ್ತಿರಲಿಲ್ಲ. ಮೂವತ್ತೆಂಟಕ್ಕೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆ ಸೇರಿದ. ಅಲ್ಲಿ, ಅವನ ಮಂಚದ ಪಕ್ಕ ಕೂತು ನಾನು ಎಲ್ಲವನ್ನೂ ಹೇಳಿದೆ.

"ನನಗರ ಹೇಳಬೇಕಿತ್ತಕ್ಕ" ಎಂದ. "ಆಡಬೇಕಂತ ಭಾಳ ಆಸೆ ಇತ್ತು." ಮತ್ತೆ, "ಅವ್ವನ ಮುಂದ ಮಾತ್ರ ಹೇಳಬ್ಯಾಡ" ಎಂದ. ಆಗಲಿ ಎಂದೆ.

ಆಮೇಲೆ ನಾಲ್ಕು ವರ್ಷ ತಪ್ಪದೆ ಬೆಳಿಗ್ಗೆ ನಡೆದ, ಊಟ ಕಡಿಮೆ ಮಾಡಿದ. ಎರಡನೇ ಸಲ ನೋವು ಬಂದಾಗ ಆಸ್ಪತ್ರೆ ಮುಟ್ಟಲಿಲ್ಲ. ಒಂದೇ ಕಾರಣ ಹೇಳಲಾಗದು, ತಂಬಾಕೂ ಇತ್ತು, ಹೃದಯದ ಕಾಯಿಲೆ ನಮ್ಮ ವಂಶದಲ್ಲೂ ಇತ್ತು ಎಂದು ವೈದ್ಯರು ಸಮಾಧಾನ ಹೇಳಿದರು. ಇರಬಹುದು.

"ನಾನ ತಿನ್ನಿಸಿ ತಿನ್ನಿಸಿ ಅವನ್ನ ಕಳಕೊಂಡೆ" ಎಂದು ಅವ್ವ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತ ಕೂತಿರುತ್ತಿದ್ದೆ. ತಮ್ಮನಿಗೆ ಮಾತು ಕೊಟ್ಟಿದ್ದೆ, ನಿಜ. ಆದರೆ ನನ್ನ ಬಾಯಿ ಕಟ್ಟಿದ್ದು ಅದೊಂದೇ ಅಲ್ಲ, ಹನ್ನೊಂದನೇ ವಯಸ್ಸಿನ ಆ ಹೆದರಿಕೆ ನನ್ನನ್ನಿನ್ನೂ ಬಿಟ್ಟಿರಲಿಲ್ಲ.