ಮೆಟ್ಟಿದ ಮನೆಯ ದ್ರಾಕ್ಷಿ ಮತ್ತು ನಮ್ಮ ಮಧುಮತಿ ಮೇಡಂ

ಕೆಂಪು ವೈನಿಗೆ ಒದಗುವ ದ್ರಾಕ್ಷಿಗಳನ್ನು ಕುರಿತು ನಮ್ಮಲ್ಲಿ ಅಧ್ಯಯನ ಮಾಡಿದವರಲ್ಲಿ ಶ್ರೀಮತಿ ಮಧುಮತಿ ಅವರದು ಆದರದಿಂದ ನೆನೆಯಬೇಕಾದ ಹೆಸರು. ಉಳಿದವರೆಲ್ಲ ಫ್ರಾನ್ಸಿನ ತಳಿಗಳ ಹಿಂದೆ ಓಡುತ್ತಿದ್ದ ಕಾಲದಲ್ಲಿ, ಹುಳಿ, ಬೀಜ, ದಪ್ಪ ಸಿಪ್ಪೆ ಎಂದು ಊರೆಲ್ಲ ಮೂಗು ಮುರಿಯುತ್ತಿದ್ದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಪರವಾಗಿ ವಾದಿಸಿದವರು ಅವರು. ವಿಜಾಪುರದಿಂದ ಬಂದು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು, ೧೯೯೨ರಲ್ಲಿ ಜೆ.ಪಿ. ನಗರದ ನಮ್ಮ ತೋಟಗಾರಿಕೆ ತರಬೇತಿ ಕೇಂದ್ರವನ್ನು ಸೇರಿದ ಅವರ ಮೊದಲ ವಿದ್ಯಾರ್ಥಿನಿಯರಲ್ಲಿ ನಾನೊಬ್ಬಳು, ಆಮೇಲೆ ಸಹೋದ್ಯೋಗಿ.

ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರಿ ಸಿಪ್ಪೆ ಬೆರಳಲ್ಲೇ ಉಳಿಯುವ, ಬುಟ್ಟಿ ಬಾಗಿಲಿಗೆ ಬಂದರೆ ಒಳಮನೆಯವರೆಗೂ ಘಮ್ಮೆನ್ನುವ ಈ ಹಣ್ಣು ಬೇಗ ಕಪ್ಪಾಗುತ್ತದೆ. ಸಿಹಿಯಾಗಲು ಮಾತ್ರ ಹೊತ್ತು ಬೇಕು. ಜನ ಕಪ್ಪು ಕಂಡೊಡನೆ ಕಿತ್ತು ತಿಂದು ಹುಳಿ ಎಂದು ಬಯ್ಯುತ್ತಾರೆ. "ಬಣ್ಣ ಬಂದ್ರ ಹಣ್ಣಾತೇನವಾ? ತಡಿ ಸ್ವಲ್ಪ" ಎಂಬುದು ಮೇಡಂ ಮಾತು. ನಾನು ಫೇಲಾಗಿ ಗೊಳೋ ಎಂದು ಅತ್ತಾಗಲೂ ಅದೇ ಮಾತು ಹೇಳಿ, ತಮ್ಮ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ನನ್ನ ಮುಂದೆ ತಳ್ಳಿದ್ದರು. ಅಯ್ಯೋ, ಆ ರುಚಿಯನ್ನು ಮರೆಯುವುದುಂಟೆ!

೧೯೯೬ರಲ್ಲಿ ಉತ್ತರಹಳ್ಳಿಯ ನೀಲಿ ದ್ರಾಕ್ಷಿ ಬೆಳೆಗಾರ ಬೋರಣ್ಣನವರ ಜಮೀನೆಲ್ಲ ಸೈಟುಗಳಾಗಿ, ಅವರ ತಂದೆ ನೆಟ್ಟಿದ್ದ ಒಂದೇ ಒಂದು ಹಳೆಯ ಬಳ್ಳಿ ಹಿತ್ತಲಲ್ಲಿ ಉಳಿದಿತ್ತು. ಬಾಡಿಗೆ ಮನೆ ಕಟ್ಟಿಸಲು ವಾರದೊಳಗೆ ಅದನ್ನೂ ಕಡಿಯುವವರಿದ್ದರು. ನಮ್ಮ ಪ್ರಯೋಗಗಳಲ್ಲಿ ಅಂಥ ಗಾಢ ಬಣ್ಣದ ವೈನು ಕೊಟ್ಟ ಬಳ್ಳಿ ಬೇರೊಂದಿರಲಿಲ್ಲ. ನೆಡಲು ಅದರ ಕಡ್ಡಿ ಸಿಗದಿದ್ದರೆ ಆ ಬಳ್ಳಿಯ ಸಂತಾನವೇ ಮುಗಿಯುತ್ತಿತ್ತು. ನನ್ನೊಡನೆ ಕಡ್ಡಿ ಕೇಳಲು ಹೋದ ಮೇಡಂ, ಇದರ ರಕ್ತದಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ಕುಲವಿದೆ, ಹಿಂದೆಂದೋ ಕಡಲು ದಾಟಿ ಬಂದದ್ದು ಎಂದು ವಿವರಿಸಿದರು. 'ವಿದೇಶಿ' ಎಂದರೆ ಪುಸ್ತಕದ ಮಾತಾದೀತೆಂದು, ಸುಲಭವಾಗಲಿ ಎಂದುಕೊಂಡು, "ಹಂಗಾಗಿ ಇದು ಪರದೇಶಿ ಐತ್ರಿ" ಎಂದುಬಿಟ್ಟರು.

ಬೋರಣ್ಣ ಧಡಕ್ಕನೆ ಎದ್ದರು. "ಏನಂದ್ರಿ ಮೇಡಂ? ನಮ್ಮಪ್ಪ ನೆಟ್ಟಿದ್ ಬಳ್ಳಿ ಪರದೇಶಿನಾ? ದಿಕ್ಕುದೆಸೆ ಇಲ್ದಿದ್ದಾ? ನಾವ್ ಇಷ್ಟ್ ಜನ ಸತ್ತೋಗಿದೀವಾ? ಒಂದ್ ಕಡ್ಡೀನೂ ಕೊಡಲ್ಲ, ಹೋಗಿ!"

ಮರುದಿನ ಬೆಳಗ್ಗೆ ಮೇಡಂ ಮತ್ತೆ ನನ್ನನ್ನು ಕರೆದುಕೊಂಡು ಅದೇ ಗೇಟಿನ ಮುಂದೆ ನಿಂತರು. "ತಪ್ಪಾತ್ರಿ ಬೋರಣ್ಣಾರ. ಇದರ ಹುಟ್ಟಿದ ಮನಿ ದೂರ ಐತಿ, ಮೆಟ್ಟಿದ ಮನಿ ನಿಮ್ಮದು. ಹೆಸರೂ ನಿಮ್ಮೂರಿಂದ ಇಟ್ಕೊಂಡೈತಿ."

ಬೋರಣ್ಣ ಮುಖ ತಿರುಗಿಸಿಯೇ ಇದ್ದರು. ಅಂಗಳ ಗುಡಿಸುತ್ತಿದ್ದ ಅವರ ಹೆಂಡತಿ ಮುನಿವೆಂಕಟಮ್ಮ ಪೊರಕೆ ಹಿಡಿದೇ ಬಂದರು. "ನಾನೂ ಹೊಸಕೋಟೆಯಿಂದ ಬಂದೋಳಲ್ವಾ? ನಾನೇನ್ ಪರದೇಶಿನಾ? ಸರಿಯಾಗೇ ಹೇಳ್ತಾವ್ರೆ ಆವಮ್ಮ. ಕತ್ತರಿ ತಗೊಂಡ್ ಬನ್ನಿ ಸುಮ್ನೆ."

ಬೋರಣ್ಣ ಕಣ್ಣೊರೆಸಿಕೊಳ್ಳುತ್ತ ತಾವೇ ಕಡ್ಡಿ ಕತ್ತರಿಸಿ ಕೊಟ್ಟರು. ತಾಯಿಬಳ್ಳಿ ಹೋಯಿತು, ಮಕ್ಕಳು ಚಿಗುರಿದವು. ಇಂದು ಚಿಕ್ಕಲಸಂದ್ರ, ವಸಂತಪುರಗಳ ಎಷ್ಟೋ ಮನೆಗಳ ಚಪ್ಪರದಲ್ಲಿ, ಬೋರಣ್ಣನವರ ಹೊಸ ಮನೆಯ ತಾರಸಿಯಲ್ಲಿ ಅವೇ ತೂಗುತ್ತಿವೆ. ೨೦೦೧ರಲ್ಲಿ ಅವುಗಳ ಹಣ್ಣಿನಿಂದ ತೆಗೆದ ಮೊದಲ ವೈನನ್ನು ಚಪ್ಪರಿಸಿ ಬೋರಣ್ಣ, "ಸಖತ್ತಾಗೈತೆ ಮೇಡಂ, ಒಸಿ ಹುಳಿ" ಎಂದರೆ, "ಹುಳಿ ಇರಬೇಕ್ರಿ, ನಿಮ್ಮಂಗ" ಎಂದು ಮೇಡಂ ನಕ್ಕರು.

ಮೊನ್ನೆ ನಿವೃತ್ತಿಯ ಬೀಳ್ಕೊಡುಗೆಯಲ್ಲಿ, ಇನ್ನು ವಿಜಾಪುರಕ್ಕೆ ಮರಳುವೆನೆಂದು ಮೇಡಂ ಹೇಳಿದರು. ಹಣ್ಣಿನ ಬುಟ್ಟಿ ಹೊತ್ತು ಬಂದಿದ್ದ ಬೋರಣ್ಣ ಹಿಂದಿನ ಸಾಲಿನಿಂದ ಎದ್ದು ನಿಂತರು. "ನಮ್ ಮೇಲಿನ್ ಮನೆ ಖಾಲಿ ಮಾಡ್ಸಿದೀನಿ ಮೇಡಂ, ತಾರಸಿಗೆ ಹತ್ರ. ನೀವ್ ಹೊಂಟೋದ್ರೆ ಆ ಬಳ್ಳಿ ಈಗ ನಿಜ್ವಾಗ್ಲೂ ಪರದೇಶಿ ಆಗೋಗ್ತದೆ."

ಸಭೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ, ಸೆರಗಿನಿಂದ ಕಣ್ಣೊತ್ತಿಕೊಂಡು, "ಬಾಡಿಗಿ ಎಷ್ಟ್ರಿ?" ಎಂದರು.

ನಮ್ಮ ಮೇಡಂ ನೂರ್ಕಾಲ ಬಾಳಲಿ, ಪ್ರತಿ ವರ್ಷ ಬಳ್ಳಿ ಸವರುವ ಕತ್ತರಿ ಅವರ ಕೈಯಲ್ಲೇ ಇರಲಿ. ಇದನ್ನು ನಿವೃತ್ತಿ ಎನ್ನುವವರಿಗೆ ನನ್ನದೊಂದೇ ಉತ್ತರ: ಬಣ್ಣ ಬಂದ್ರ ಹಣ್ಣಾತೇನ್ರಿ? ತಡೀರಿ ಸ್ವಲ್ಪ.

— ಶ್ವೇತ